ಕಾಣೆಯಾಗುತ್ತಿದ್ದ ಕರೆಗಂಟೆ

ಮನೆಯಿಂದ,
೧೪ನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ನಾದಿನಿಯ ಮನೆಗೆ ಮೆಟ್ಟಿಲು ಜಾಸ್ತಿ ಎಂದು ನಿಮ್ಮ ಮಗ ಹೇಳುತ್ತಿದ್ದರು. ಹತ್ತುವಾಗ ಕಂಬಿ ಹಿಡಿದುಕೊಳ್ಳಿ, ಎರಡೂ ಕೈಯಲ್ಲಿ ಚೀಲ ಹಿಡಿದು ಹತ್ತಬೇಡಿ. ನಿಮಗೆ ಹೇಳಿ ಪ್ರಯೋಜನವಿಲ್ಲವೆಂದು ನನಗೆ ಗೊತ್ತು, ಹೇಳದಿದ್ದರೆ ನನಗೆ ತಡೆಯುವುದಿಲ್ಲವೆಂದು ನಿಮಗೆ ಗೊತ್ತು, ಆದ್ದರಿಂದ ಇದೊಂದನ್ನು ನುಂಗಿಕೊಳ್ಳಿ. ನಾದಿನಿಯ ಕಾಲಿನ ಊತ ಇಳಿಯಿತೇ? ಹೊಟ್ಟೆಯಲ್ಲಿರುವ ಅವಳಿಗಳು ಒಬ್ಬರನ್ನೊಬ್ಬರು ಒದೆಯುತ್ತಿದ್ದಾರೋ, ಇಬ್ಬರೂ ಸೇರಿ ಅವಳನ್ನೇ ಒದೆಯುತ್ತಿದ್ದಾರೋ? ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ ಮೇಲೂ ಬೇಜಾರಾಗುತ್ತದೆಂದು ಕಿಟಕಿಯ ತನಕ ಹೋಗಿಬರುತ್ತಾಳಂತೆ. ಅದನ್ನು ನಿಲ್ಲಿಸಿ. ನಾನು ಹೇಳಿದೆನೆಂದು ಹೇಳಬೇಡಿ, ನನ್ನ ಮೇಲೆ ಮುನಿಸಿಕೊಳ್ಳುತ್ತಾಳೆ.

ಇಲ್ಲಿ ಯಜಮಾನಿ ಆರೋಗ್ಯವಾಗಿದ್ದಾಳೆ. ನೀವು ಮೊಮ್ಮಗಳಿಗೆ ಮುದ್ದಿಗೆ ಇಟ್ಟ ಹೆಸರನ್ನು ಅವಳು ಗಂಭೀರವಾಗಿ ತೆಗೆದುಕೊಂಡಿದ್ದಾಳೆ, ಮನೆ ಪೂರ್ತಿ ಅವಳ ಆಡಳಿತದಲ್ಲಿದೆ. ಕೆಳಗೆ ಹಲ್ಲು ಬಂದಿವೆ, ಮೇಲೊಂದು ಇಣುಕುತ್ತಿದೆ. ಕುರ್ಚಿ ಹಿಡಿದು ಎದ್ದು ನಿಲ್ಲುತ್ತಾಳೆ, ಮತ್ತೆ ಕೂರುವುದು ಹೇಗೆಂದು ತಿಳಿಯದೆ ನಿಂತಲ್ಲೇ ಅಳುತ್ತಾಳೆ. ನನ್ನ ನಿದ್ದೆಯ ವಿಷಯ ಕೇಳಬೇಡಿ. ಅವಳು ಮಲಗದಿದ್ದರೆ ಏಕೆ ಮಲಗಲಿಲ್ಲವೆಂದು ನಿದ್ದೆ ಬರುವುದಿಲ್ಲ, ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬರುವುದಿಲ್ಲ. ಮೂಗಿನ ಹತ್ತಿರ ಬೆರಳಿಟ್ಟು ನೋಡಲು ಹೋಗುತ್ತೇನೆ, ಬೆರಳು ತಗುಲಿ ಎಚ್ಚರವಾಗಿಬಿಡುತ್ತದೆ. "ಮಲಗಿರೋ ಮಗುನ ಎಬ್ಬಿಸಿ, ಮಲಗಿದ್ಯಾ ಪುಟ್ಟಾ ಅಂತ ಕೇಳೋ ತಾಯಿ ನೀನೊಬ್ಬಳೇ ಕಣಮ್ಮ" ಎಂದು ನೀವು ಬೈದದ್ದು ಮರೆತಿಲ್ಲ. ಬುದ್ಧಿಯೂ ಬಂದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಎತ್ತಿದ ಕೂಡಲೇ ಯಜಮಾನಿ ಅದನ್ನು ಬಾಯಿಗಿಟ್ಟುಕೊಳ್ಳುತ್ತಾಳೆ, ನಿಮಗೆ ಕೇಳಿಸುವುದು ಬರೀ ಜೊಲ್ಲಿನ ಸದ್ದು. ಮೇಲಾಗಿ ಕಳೆದ ವಾರ ಫೋನಿನಲ್ಲಿ ನಾನು ಅತ್ತುಬಿಟ್ಟೆ. ಏನು ಎತ್ತ ಎಂದು ಕೇಳದೆ ನೀವು, "ಸಾಕು ಬಿಡು, ನಾನು ಬಂದ್ಬಿಡ್ತೀನಿ. ಇಲ್ಲಿಗೆ ಯಾರನ್ನಾದ್ರೂ ಗೊತ್ತು ಮಾಡಿ ಹೊರಡ್ತೀನಿ" ಎಂದಿರಿ. ಫೋನಿಟ್ಟ ಮೇಲೆ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಅಲ್ಲೊಬ್ಬಳು ಹಾಸಿಗೆ ಹಿಡಿದಿದ್ದಾಳೆ, ಇಲ್ಲೊಬ್ಬಳು ಕುರ್ಚಿಯಲ್ಲಿ ಕೂತು ಅಳುತ್ತಾಳೆ, ಇಬ್ಬರ ನಡುವೆ ಓಡಾಡಲು ಇರುವುದು ನಿಮ್ಮ ಅದೇ ಎರಡು ಮಂಡಿ. ಅವತ್ತು ಏನು ನಡೆಯುತ್ತಿತ್ತೆಂದು ಬಾಯಿಬಿಟ್ಟು ಹೇಳಲಿಲ್ಲ. ಈಗ ಮೊದಲಿಂದ ಹೇಳುತ್ತೇನೆ. ಹೆದರಬೇಡಿ, ಇದು ಅಳುವ ಕಾಗದವಲ್ಲ. ಯಜಮಾನಿ ಈಗಷ್ಟೇ ಮಲಗಿದ್ದಾಳೆ, ನಾನು ಹೋಗಿ ಬೆರಳಿಡದಿದ್ದರೆ ಕಾಗದ ಮುಗಿಸುವಷ್ಟು ಹೊತ್ತು ಸಿಗುತ್ತದೆ.

ಹೆರಿಗೆ ರಜೆ ಮುಗಿಸಿ ಹೋದಾಗಿನಿಂದ ಆಫೀಸಿನಲ್ಲಿ ಎಲ್ಲರೂ ನನ್ನೊಂದಿಗೆ ಬಹಳ ಮೆತ್ತಗೆ ಮಾತಾಡುತ್ತಿದ್ದರು. ನನ್ನ ಕುರ್ಚಿಗೆ ಹೊಸ ದಿಂಬು ಹಾಕಿದ್ದರು. ಒಂದು ದಿನ ನಮ್ಮ ಮ್ಯಾನೇಜರ್ ಕರೆದು, "ನಿಮಗೂ ಕಷ್ಟ, ಮಗು ಬೇರೆ ಚಿಕ್ಕದು. ಸ್ವಲ್ಪ ದಿನ ಹಗುರವಾದ ಕೆಲಸ ಮಾಡಿ" ಎಂದರು. ಹಗುರವಾದ ಕೆಲಸವೆಂದರೆ ಬೇರೆಯವರು ಬರೆದ ಪ್ರೋಗ್ರಾಮನ್ನು ಹೇಗೆ ಬಳಸಬೇಕೆಂದು ವಿವರಣೆಯ ಪುಟಗಳನ್ನು ಬರೆಯುವುದು, ಪರದೆಯ ಚಿತ್ರ ತೆಗೆದು ಬಾಣದ ಗುರುತು ಹಾಕುವುದು. ಕೆಟ್ಟ ಕೆಲಸವೇನಲ್ಲ. ಆದರೆ ನಮ್ಮಲ್ಲಿ ಆ ಕೆಲಸದವರು ಕೂರುವ ಕೊನೆಯ ಕೋಣೆಗೆ ಹೋದ ತಾಯಂದಿರು ವಾಪಸು ಬಂದದ್ದನ್ನು ನಾನು ನೋಡಿಲ್ಲ. ಮೊದಲು ಹಗುರ ಕೆಲಸ, ಆಮೇಲೆ ಅರ್ಧ ದಿನ, ಆಮೇಲೆ ಒಂದು ಬೀಳ್ಕೊಡುಗೆ, ಎಲ್ಲರೂ ನಿಂತು ಒಂದು ಫೋಟೋ. ನಾನು ಒಲ್ಲೆನೆಂದೆ. ಅವರು ಪೆನ್ನು ತಿರುಗಿಸುತ್ತ, ಹಾಗಾದರೆ ಕರೆಗಂಟೆಯ ದೋಷವನ್ನು ಶುಕ್ರವಾರದೊಳಗೆ ಹಿಡಿದುಕೊಡಿ ಎಂದರು. ಹಿಡಿದರೆ ನನ್ನ ಜಾಗದಲ್ಲಿ ನಾನು, ಇಲ್ಲವಾದರೆ ಸೋಮವಾರದಿಂದ ಆ ಕೋಣೆ. ಅವರು ಕೆಟ್ಟವರಲ್ಲ ಅತ್ತೆ. ಇಡೀ ತಂಡ ಹಿಡಿಯಲಾಗದ್ದನ್ನು ನಿದ್ದೆಗೆಟ್ಟ ಒಬ್ಬಳು ಹಿಡಿಯುತ್ತಾಳೆಂದು ಅವರಿಗೆ ನಂಬಿಕೆಯಿರಲಿಲ್ಲ, ಅಷ್ಟೆ. ನನಗೂ ಇರಲಿಲ್ಲ. ಆದರೂ ಒಪ್ಪಿಕೊಂಡು ಬಂದು, ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡು ನಿಮಗೆ ಫೋನ್ ಮಾಡಿದೆ. ಅದೇ ಅಳು ಅದು.

ಕರೆಗಂಟೆ ಎಂದರೆ ಆಸ್ಪತ್ರೆಯದ್ದು. ರೋಗಿಯ ತಲೆದೆಸೆಯಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ನರ್ಸುಗಳ ಮೇಜಿನ ಮೇಲಿರುವ ಪರದೆಯಲ್ಲಿ ಆ ಹಾಸಿಗೆಯ ಸಂಖ್ಯೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ನರ್ಸ್ ಹೋಗಿ ನೋಡಿ ಬಂದು 'ನೋಡಿದ್ದಾಯಿತು' ಎಂದು ಒತ್ತಿದರೆ ಆರುತ್ತದೆ. ಗುಂಡಿಯಿಂದ ಪರದೆಯ ತನಕ ನಡುವೆ ಇರುವುದು ನಮ್ಮ ಪ್ರೋಗ್ರಾಂ, ಅದರಲ್ಲಿ ಹೆಚ್ಚು ಪಾಲು ನಾನು ರಜೆಗೆ ಮುಂಚೆ ಬರೆದದ್ದು. ಒಂದು ಆಸ್ಪತ್ರೆಯಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ರೋಗಿ ಒತ್ತಿದ ಗಂಟೆ ಪರದೆಗೆ ಬರುತ್ತಲೇ ಇರಲಿಲ್ಲ. ರೋಗಿಯ ಮನೆಯವರು ನರ್ಸುಗಳ ಮೇಲೆ ಎಗರಾಡುವುದು, ನರ್ಸುಗಳು ಗಂಟೆಯೇ ಆಗಲಿಲ್ಲ ಎನ್ನುವುದು. ಅಲ್ಲಿಯ ಹೆಡ್ ನರ್ಸ್ ಬಾಯಿ ನೀವು ಕೇಳಬೇಕು, ನಿಮಗೆ ಹಿಡಿಸುತ್ತದೆ. "ನಮ್ಮ ಹುಡುಗೀರು ಕಿವುಡರಲ್ಲ ರೀ, ನಿಮ್ಮ ಪೆಟ್ಟಿಗೆ ಕಿವುಡು" ಎಂದು ಪ್ರತಿ ಸಲವೂ ಶುರುಮಾಡುತ್ತಿದ್ದರು. ನಮ್ಮವರು ಹೋಗಿ ಕೂತು ನೋಡಿದರೆ ಎಲ್ಲ ಸರಿ. ಎದ್ದು ಬಂದರೆ ಮತ್ತೆ ಫೋನು. "ನೀವು ಬಂದ್ರೆ ಒಳ್ಳೆ ಮಗು ಥರ ಇರುತ್ತೆ. ನಿಮ್ಮ ಕಾರು ಗೇಟು ದಾಟ್ತಿದ್ದ ಹಾಗೆ ಅದರ ಆಟ ಶುರು."

ಇನ್ನೂ ವಿಚಿತ್ರ ಕೇಳಿ. ಒಂದು ಪ್ರೋಗ್ರಾಂ ತಾನು ಏನೇನು ಮಾಡಿತೆಂದು ಹೆಜ್ಜೆಹೆಜ್ಜೆಗೂ ಬರೆದಿಡುವ ಹಾಗೆ ಮಾಡಬಹುದು, ಅದಕ್ಕೆ ನಾವು ಲಾಗ್ ಎನ್ನುತ್ತೇವೆ. ದೋಷ ಎಲ್ಲಿದೆಯೆಂದು ತಿಳಿಯದಿದ್ದಾಗ ನಾವು ಮೊದಲು ಮಾಡುವ ಕೆಲಸ ಅದು. ನಮ್ಮವರು ಲಾಗ್ ಹಾಕಿದರು, ಗಂಟೆ ತಪ್ಪುವುದು ನಿಂತುಹೋಯಿತು. ತೆಗೆದರು, ಮತ್ತೆ ತಪ್ಪಿತು. ಹಾಕಿದರೆ ಇಲ್ಲ, ತೆಗೆದರೆ ಇದೆ. ಹಾಗೇ ಹಾಕಿಟ್ಟುಬಿಡೋಣವೆಂದರೆ ಅದು ಬರೆದು ಬರೆದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಜಾಗ ತುಂಬಿ ಎಲ್ಲವೂ ಒಟ್ಟಿಗೆ ನಿಂತುಹೋಗುತ್ತದೆ. ನೀವು ಒಮ್ಮೆ ಕೇಳಿದಿರಲ್ಲ, "ನಿನ್ನ ಪ್ರೋಗ್ರಾಮಿಗೆ ಎಲ್ಲಿ ನೋವು ಅಂತ ಹೇಳೋಕೆ ಬರಲ್ವಾ?" ಎಂದು. ಇದಕ್ಕೆ ಬರುತ್ತದೆ ಅತ್ತೆ, ಆದರೆ ಹೇಳು ಎಂದು ಎದುರು ಕೂತರೆ ನೋವೇ ಇಲ್ಲ ಎನ್ನುತ್ತದೆ. ಡಾಕ್ಟರ ಮುಂದೆ ಕೂತಾಗ ನಿಮ್ಮ ಮಂಡಿಯ ಹಾಗೆ.

ನಮ್ಮಲ್ಲಿ ಒಬ್ಬ ಹೊರಗಿನ ಸಲಹೆಗಾರ ಬಂದಿದ್ದಾನೆ. ಯಾವ ಪ್ರೋಗ್ರಾಂ ತೋರಿಸಿದರೂ ಒಡೆದು ಹೊಸದಾಗಿ ಕಟ್ಟೋಣ ಎನ್ನುತ್ತಾನೆ, ಆದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವನನ್ನು ಒಡೆದುಕಟ್ಟು ಎಂದೇ ಕರೆಯುತ್ತಾರೆ. ಅವನು ನನ್ನ ಪ್ರೋಗ್ರಾಮನ್ನು ಪೂರ್ತಿ ಓದದೆ, "ಇದನ್ನ ರಿಪೇರಿ ಮಾಡೋದು ಟೈಮ್ ವೇಸ್ಟ್. ಆಗ ಅವರ ಪರಿಸ್ಥಿತಿ ಹಾಗಿತ್ತು, ಗಮನ ಎಲ್ಲೋ ಇತ್ತು ಅನ್ಸುತ್ತೆ" ಎಂದು ಎಲ್ಲರ ಎದುರಿಗೆ ಹೇಳಿದ. ಪರಿಸ್ಥಿತಿ ಎಂದರೆ ನನ್ನ ಹೊಟ್ಟೆ. ನಾನು ಅದಕ್ಕೊಂದು ಉತ್ತರ ಕೊಟ್ಟೆನೆಂದು ಬರೆಯಲು ಆಸೆ, ಆದರೆ ಕೊಡಲಿಲ್ಲ. ಆ ಹೊತ್ತಿಗೆ ಸರಿಯಾಗಿ ನನ್ನ ಲ್ಯಾಪ್‌ಟಾಪು ಅಪ್‌ಡೇಟ್ ಮಾಡಿಕೊಳ್ಳುತ್ತೇನೆ ಎಂದು ಹೇಳಿ ಆರಿಹೋಯಿತು. ಮರುದಿನ ಮನೆಯಿಂದಲೇ ಕೆಲಸಕ್ಕೆ ಕೂತರೆ ಪಾಸ್‌ವರ್ಡ್ ಬದಲಿಸು ಎಂದಿತು, ಹಳೆಯದರ ಹಾಗಿರಬಾರದಂತೆ, ಮಗುವಿನ ಹೆಸರಿರಬಾರದಂತೆ, ನೆನಪಿನಲ್ಲಿ ಉಳಿಯುವ ಯಾವುದೂ ಇರಬಾರದಂತೆ. ಅದನ್ನು ಖಚಿತಪಡಿಸುವ ಸಂಖ್ಯೆ ಫೋನಿಗೆ ಬಂತು, ಫೋನು ಯಜಮಾನಿಯ ಬಾಯಲ್ಲಿತ್ತು. ಕಿತ್ತುಕೊಳ್ಳುವಷ್ಟರಲ್ಲಿ ಸಂಖ್ಯೆಯ ಅವಧಿ ಮುಗಿಯಿತು, ಇವಳು ಕಿರುಚಿದಳು, ಅತ್ತ ಕಡೆ ಸಭೆಯಲ್ಲಿ ಯಾರೋ "ಏನಾದ್ರೂ ಹೇಳ್ತಿದ್ದೀರಾ ಮೇಡಂ?" ಎಂದು ಕೇಳಿದರು. ಇನ್ನೊಂದು ದಿನ ಇವಳು ಕೀಲಿಮಣೆಯ ಮೇಲೆ ಅಂಗೈ ಬಡಿದು, ಇಡೀ ಕಂಪನಿಯ ಗುಂಪಿಗೆ ಒಂದು ಸಾಲು ಕಕಕಕಕ ಎಂದು ಕಳಿಸಿದಳು. ಅಳಿಸುವ ಮುನ್ನವೇ ಮ್ಯಾನೇಜರ್ ಅದಕ್ಕೆ ಹೆಬ್ಬೆರಳೆತ್ತಿ ಒಪ್ಪಿಗೆ ಸೂಚಿಸಿದ್ದರು.

ಹೀಗೆ ಬುಧವಾರ ಬಂತು. ನನ್ನ ಕಂಪ್ಯೂಟರಿನಲ್ಲಿ ಆ ಗಂಟೆ ಒಂದು ಸಲವೂ ತಪ್ಪಲಿಲ್ಲ. ಒತ್ತಿದೆ, ಬಂತು. ಒತ್ತಿದೆ, ಬಂತು. ಕೆಟ್ಟಿರುವುದು ಕೆಡದೆ ಇದ್ದರೆ ಎಷ್ಟು ಸಿಟ್ಟು ಬರುತ್ತದೆಂದು ನಿಮಗೆ ಹೇಗೆ ಹೇಳಲಿ. ಸಂಜೆ ನಿಮ್ಮ ಮಗ ಯಾವುದೋ ಕಟ್ಟಡದ ಲಿಫ್ಟ್ ರಿಪೇರಿ ಮುಗಿಸಿ ಬಂದರು. ಮನೆ ಹರಡಿಬಿದ್ದಿತ್ತು. ಅವರು ಆಟದ ಸಾಮಾನು ತೆಗೆಯುವ ವರಸೆ ನಿಮಗೆ ಗೊತ್ತೇ ಇದೆ, ಚಿಕ್ಕಂದಿನಿಂದ ನೀವೇ ಬೈದು ಸೋತಿದ್ದೀರಿ. ಒಂದೊಂದಾಗಿ ಎತ್ತುವವರಲ್ಲ. ಯಜಮಾನಿ ಆಡುವ ಹಾಸಿನ ಮೇಲೊಮ್ಮೆ ಕಣ್ಣಾಡಿಸಿ, ಹೊರಗೇ ಇರಬೇಕಾದ ಒಂದೆರಡನ್ನು ಆರಿಸಿ ಕೈಯಲ್ಲಿಟ್ಟುಕೊಳ್ಳುವುದು, ಆಮೇಲೆ ಹಾಸಿನ ನಾಲ್ಕು ಮೂಲೆ ಕೂಡಿಸಿ ಗಂಟಿನ ಹಾಗೆ ಎತ್ತಿ ಬುಟ್ಟಿಗೆ ಕೊಡವುವುದು, ಹಾಸನ್ನು ಮತ್ತೆ ಹರಡಿ ಕೈಯಲ್ಲಿದ್ದುದನ್ನು ಅದರ ಮೇಲಿಡುವುದು. ಅವತ್ತೂ ಹಾಗೇ ಮಾಡಿದರು. ನಾನು ಕಣ್ಣು ಉಜ್ಜಿಕೊಳ್ಳುತ್ತ ಬಂದು, ಕನ್ನಡಕ ತೆಗೆದು ಹಾಸಿನ ಮೇಲಿಟ್ಟು, ಅಡುಗೆಮನೆಯಲ್ಲಿ ಸೀಸೆ ತೊಳೆದು ವಾಪಸು ಬಂದರೆ ಕನ್ನಡಕವಿಲ್ಲ.

ಮನೆಯೆಲ್ಲ ಹುಡುಕಿದೆವು. ಕನ್ನಡಕವಿಲ್ಲದೆ ಕನ್ನಡಕ ಹುಡುಕುವವರ ಪಾಡು ಏನು ಹೇಳಲಿ, ಒಂದು ಸಲ ಯಜಮಾನಿಯ ಗಿಲಕಿಯನ್ನೇ ಎತ್ತಿ ಮೂಗಿಗೇರಿಸಹೊರಟೆ. ಕೊನೆಗೆ ಬುಟ್ಟಿಯ ತಳದಲ್ಲಿ ಬಟ್ಟೆಯ ಆನೆಯ ಕೆಳಗೆ ಸಿಕ್ಕಿತು. ಅಷ್ಟು ದಿನದ ಸಿಟ್ಟನ್ನೆಲ್ಲ ನಿಮ್ಮ ಮಗನ ಮೇಲೆ ಸುರಿದೆ. ಕಣ್ಣು ಬಿಟ್ಟು ನೋಡಬಾರದಾ, ಕನ್ನಡಕವೂ ಆಟದ ಸಾಮಾನಾ, ಹೀಗೇ ಒಂದು ದಿನ ಮಗುವನ್ನೂ ಬುಟ್ಟಿಗೆ ಕೊಡವುತ್ತೀರಿ ಎಂದೆ. ಅವರು ಬಹಳ ನೊಂದು, "ನೋಡ್ದೆ ಕಣೇ. ಸರಿಯಾಗೇ ನೋಡ್ದೆ. ನಾನು ನೋಡಿದಾಗ ಅದು ಅಲ್ಲಿರಲಿಲ್ಲ" ಎಂದರು. ಮತ್ತೆ ಬೈಯಲು ಬಾಯಿ ತೆರೆದವಳು ಹಾಸಿನ ಕಡೆ ತಿರುಗಿ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ನೋಡಿದಾಗ ಇರಲಿಲ್ಲ. ಕೊಡವಿದಾಗ ಇತ್ತು. ಆ ಎರಡರ ನಡುವಿನ ಗಳಿಗೆಯಲ್ಲಿ ನಾನು ಇಟ್ಟಿದ್ದೆ. "ಇನ್ನೊಂದು ಸಲ ಹೇಳಿ" ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, "ಹೋಗ್ಲಿ ಬಿಡು, ತಪ್ಪು ನಂದೇ" ಎಂದರು. "ತಪ್ಪಲ್ಲ, ನೀವು ಹೇಳಿದ್ದನ್ನ ಇನ್ನೊಂದು ಸಲ ಹೇಳಿ" ಎಂದೆ. ನಿಮ್ಮ ಮಗನಿಗೆ ಅವತ್ತು ನನ್ನ ತಲೆ ಕೆಟ್ಟಿತೆಂದೇ ಅನಿಸಿರಬೇಕು. ಮಗುವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು.

ಅತ್ತೆ, ಗಂಟೆ ಕಳೆದುಹೋಗುತ್ತಿದ್ದುದೂ ಹಾಗೆಯೇ. ನಾನು ಇಷ್ಟು ದಿನ ಗಂಟೆ ಒತ್ತುವ ಕಡೆಯನ್ನೇ ನೋಡುತ್ತಿದ್ದೆ, ಆರಿಸುವ ಕಡೆ ನೋಡಿರಲೇ ಇಲ್ಲ. ತೆರೆದು ನೋಡಿದೆ. ನರ್ಸ್ ಒಂದು ಹಾಸಿಗೆಗೆ 'ನೋಡಿದ್ದಾಯಿತು' ಎಂದು ಒತ್ತಿದಾಗ ಪ್ರೋಗ್ರಾಂ ಆ ಒಂದು ದೀಪವನ್ನು ಮಾತ್ರ ಆರಿಸುತ್ತಿರಲಿಲ್ಲ. ಪರದೆಯ ಮೇಲೆ ಕಣ್ಣಾಡಿಸಿ, ಇನ್ನೂ ಹೊತ್ತಿರಬೇಕಾದ ದೀಪಗಳನ್ನು ಆಯ್ದು ಪಕ್ಕಕ್ಕಿಟ್ಟುಕೊಂಡು, ಇಡೀ ಪರದೆಯನ್ನು ಒರೆಸಿ, ಪಕ್ಕಕ್ಕಿಟ್ಟದ್ದನ್ನು ಮತ್ತೆ ಹಚ್ಚುತ್ತಿತ್ತು. ಥೇಟ್ ನಿಮ್ಮ ಮಗ. ಕಣ್ಣಾಡಿಸಿದ ಮೇಲೆ, ಒರೆಸುವ ಮುನ್ನ, ಕಣ್ಣು ಮಿಟುಕಿಸುವಷ್ಟು ಸಣ್ಣ ಸಂದಿಯಲ್ಲಿ ಇನ್ನೊಬ್ಬ ರೋಗಿ ಗಂಟೆ ಒತ್ತಿದರೆ ಅದು ಬುಟ್ಟಿಯ ತಳಕ್ಕೆ. ಆ ಆಸ್ಪತ್ರೆಯಲ್ಲಿ ಮಾತ್ರ ಏಕೆಂದರೆ ಅಲ್ಲಿಯ ಹೆಡ್ ನರ್ಸ್ ಚುರುಕು, ಅವರ ಹುಡುಗಿಯರೂ ಚುರುಕು, ಪಟಪಟನೆ ನೋಡಿ ಪಟಪಟನೆ ಆರಿಸುತ್ತಾರೆ, ಸಂದಿಗಳು ಹೆಚ್ಚು. ಲಾಗ್ ಹಾಕಿದಾಗ ಏಕೆ ಸರಿಹೋಗುತ್ತಿತ್ತೆಂದರೆ, ಬರೆದುಕೊಳ್ಳುವ ಕೆಲಸಕ್ಕೆ ಎಲ್ಲರೂ ಒಬ್ಬರ ಹಿಂದೊಬ್ಬರು ಸಾಲು ನಿಲ್ಲಬೇಕು. ಸಾಲು ನಿಂತರೆ ನಡುವೆ ನುಗ್ಗಲು ಸಂದಿಯೆಲ್ಲಿ? ನಾನು ಮಾಡಿದ್ದಿಷ್ಟು. ಆ ಸಣ್ಣ ಸಂದಿಯನ್ನು ಬೇಕೆಂದೇ ಹಿಗ್ಗಿಸಿದೆ. ಕಣ್ಣಾಡಿಸಿದ ಮೇಲೆ ಸ್ವಲ್ಪ ನಿಲ್ಲು, ಆಮೇಲೆ ಒರೆಸು ಎಂದು ಒಂದು ಸಾಲು ಸೇರಿಸಿದೆ. ನಿಂತಿದ್ದಾಗ ಬೇರೆ ಹಾಸಿಗೆಯ ಗಂಟೆ ಒತ್ತಿದೆ. ಕೆಂಪಗೆ ಹೊತ್ತಿತು, ನನ್ನ ಕಣ್ಣೆದುರಿಗೇ ಮಾಯವಾಯಿತು. ಮತ್ತೆ ಒತ್ತಿದೆ, ಮತ್ತೆ ಮಾಯ. ಅಷ್ಟು ದಿನ ಕೆಡು ಕೆಡು ಎಂದು ಬೇಡಿಕೊಂಡದ್ದು ಪ್ರತಿ ಸಲವೂ ಕೆಟ್ಟಿತು. ನಾನು ಮನೆಯೊಳಗೇ ಕುಣಿದೆ. ಯಜಮಾನಿಯೂ ಕುಣಿದಳು, ಏಕೆಂದು ಕೇಳಲಿಲ್ಲ.

ನಿನ್ನೆ ಸಭೆ. ಬೆಳಿಗ್ಗೆಯೇ ಶಿಶುಮಂದಿರದಿಂದ ಫೋನು, ಯಜಮಾನಿಗೆ ಮೈ ಸ್ವಲ್ಪ ಬಿಸಿ, ಕರೆದುಕೊಂಡು ಹೋಗಿ ಎಂದು. ಈಗ ಇಳಿದಿದೆ, ಹಲ್ಲಿನ ಜ್ವರ, ಗಾಬರಿಯಾಗಬೇಡಿ. ಗಾಬರಿಯನ್ನೆಲ್ಲ ನಾನೇ ಮಾಡಿ ಮುಗಿಸಿದ್ದೇನೆ. ಹೀಗಾಗಿ ಆಫೀಸಿಗೆ ಹೋಗಲಾಗಲಿಲ್ಲ, ಮನೆಯ ಊಟದ ಮೇಜಿನಿಂದಲೇ ವೀಡಿಯೋದಲ್ಲಿ ಕೂತೆ, ತೊಡೆಯ ಮೇಲೆ ಇವಳು. ಪರದೆಯಲ್ಲಿ ಮ್ಯಾನೇಜರ್, ನಮ್ಮ ತಂಡ, ಒಡೆದುಕಟ್ಟು, ಆಸ್ಪತ್ರೆಯಿಂದ ಹೆಡ್ ನರ್ಸ್. ಮ್ಯಾನೇಜರ್ ಮುಖ ನೋಡಿದರೆ ನನಗೆ ಸಮಾಧಾನ ಹೇಳಲು ಮಾತು ಜೋಡಿಸಿಕೊಂಡು ಬಂದಂತಿತ್ತು. ನಾನು ಮಾತು ಹೆಚ್ಚು ಆಡಲಿಲ್ಲ. ಸಂದಿ ಹಿಗ್ಗಿಸಿದ ಪ್ರೋಗ್ರಾಂ ಓಡಿಸಿ, ಒಂದು ಹಾಸಿಗೆಗೆ 'ನೋಡಿದ್ದಾಯಿತು' ಎಂದು ಒತ್ತಿ, ಇನ್ನೊಂದರ ಗಂಟೆ ಒತ್ತಿದೆ. ಎಲ್ಲರ ಎದುರಿಗೇ ಕೆಂಪು ಸಂಖ್ಯೆ ಹೊತ್ತಿ, ಮಾಯವಾಯಿತು. ಮೊದಲು ಬಾಯಿ ಬಿಟ್ಟವರು ಹೆಡ್ ನರ್ಸ್. "ಅದೇ ರೀ. ಅದೇ ಅದು. ಇಷ್ಟು ದಿನದಿಂದ ನಾನು ಬಾಯಿ ಬಡ್ಕೊಳ್ತಿದ್ದದ್ದು ಅದಕ್ಕೇ." ಆಮೇಲೆ ಅವರು ಕುರ್ಚಿ ತಿರುಗಿಸಿ ಹಿಂದೆ ನಿಂತಿದ್ದ ಯಾರಿಗೋ, "ಬಾ ಇಲ್ಲಿ, ನೋಡು, ನಿಂದೇನೂ ತಪ್ಪಿರಲಿಲ್ಲ" ಎಂದು ಕರೆದರು. ಗಂಟೆ ಕೇಳಿಸಿಕೊಳ್ಳಲಿಲ್ಲವೆಂದು ಬೈಸಿಕೊಂಡಿದ್ದ ಒಬ್ಬ ನರ್ಸಂತೆ. ಅವಳು ಪರದೆಗೆ ಮುಖ ಹತ್ತಿರ ತಂದು ನೋಡಿದಳು. "ಇನ್ನೊಂದ್ ಸಲ ಮಾಡಿ ತೋರಿಸ್ತೀರಾ?" ಎಂದಳು. ತೋರಿಸಿದೆ. ಕಣ್ಣೊರೆಸಿಕೊಂಡಳು ಅತ್ತೆ. ನನಗೂ ಒರೆಸಿಕೊಳ್ಳಬೇಕಿತ್ತು, ಕೈ ಖಾಲಿಯಿರಲಿಲ್ಲ.

ಒಡೆದುಕಟ್ಟು ಸುಮ್ಮನಿರಬಹುದಿತ್ತು. ಅವನು, "ಸರಿ, ಹಾಗಾದ್ರೆ ತಪ್ಪು ಇವರ ಕೋಡ್‌ನಲ್ಲೇ ಇತ್ತು ಅಂತಾಯ್ತಲ್ಲ" ಎಂದ. ನಮ್ಮಲ್ಲಿ ಒಂದು ಅನುಕೂಲವಿದೆ. ಪ್ರೋಗ್ರಾಮಿನ ಯಾವ ಸಾಲಿನ ಮೇಲೆ ಒತ್ತಿದರೂ ಅದನ್ನು ಬರೆದವರು ಯಾರು, ಯಾವಾಗ ಎಂದು ತೋರಿಸುತ್ತದೆ. ನಾನು ಅದನ್ನು ಹಿಂದಿನ ದಿನವೇ ಒತ್ತಿ ನೋಡಿದ್ದೆ, ನೋಡಿ ಸುಮ್ಮನಿದ್ದೆ. ಯಾರ ಹೆಸರು ಬಂದಿತ್ತೆಂದು ಸಭೆಯಲ್ಲಿ ಹೇಳುವ ಅಗತ್ಯವಿಲ್ಲ, ದೋಷ ಸಿಕ್ಕಿದೆ, ಸಾಕು ಎಂದುಕೊಂಡಿದ್ದೆ. "ಅದು ತುಂಬಾ ಹಳೇ ಸಾಲು, ಬಿಡಿ" ಎಂದೂ ಅಂದೆ. ಅವನು ಬಿಡಲಿಲ್ಲ. ಅದೇ ಸಾಲನ್ನು ತನ್ನ ಪರದೆಯಲ್ಲಿ ತೆರೆದು, ಎಲ್ಲರಿಗೂ ಕಾಣುವ ಹಾಗೆ ದೊಡ್ಡದು ಮಾಡಿ, ಬಹಳ ಗತ್ತಿನಿಂದ ಒತ್ತಿದ. ನಮ್ಮ ಮ್ಯಾನೇಜರ್ ಹೆಸರು ಬಂತು. ಅವರೂ ಒಂದು ಕಾಲದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಮೊಟ್ಟಮೊದಲ ಗಂಟೆ ಅವರು ಕಟ್ಟಿದ್ದು, ಆಗ ಒಂದೇ ಕೋಣೆಯ ಸಣ್ಣ ದವಾಖಾನೆಗೆ, ಒಬ್ಬಳೇ ನರ್ಸು. ಅಲ್ಲಿ ಸಂದಿಯೇ ಇರಲಿಲ್ಲ. ಅದರ ಮೇಲೆ ನಾವೆಲ್ಲ ಮಹಡಿ ಕಟ್ಟುತ್ತ ಹೋದೆವು, ತಳ ಯಾರೂ ನೋಡಲಿಲ್ಲ. ಅವರು ಕನ್ನಡಕ ಹಣೆಗೇರಿಸಿ ಆ ಸಾಲನ್ನು ಓದಿ, "ಅಯ್ಯೋ, ನಂದೇ" ಎಂದು ನಕ್ಕರು. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು. ಒಡೆದುಕಟ್ಟು ತನ್ನ ಇಂಟರ್‌ನೆಟ್ ಸರಿಯಿಲ್ಲವೆಂದು ಹೇಳಿ ಮುಖ ಆರಿಸಿಕೊಂಡ.

ನಾನು ಸರಿಪಡಿಸಿದ್ದನ್ನೂ ತೋರಿಸಿದೆ. ಇನ್ನು ಪರದೆ ಒರೆಸುವುದಿಲ್ಲ, ಯಾವುದು ಬೇಡವೋ ಆ ಒಂದು ದೀಪವನ್ನಷ್ಟೇ ಆರಿಸುತ್ತದೆ, ಒಬ್ಬರ ಕೈ ಅದರ ಮೇಲಿದ್ದಾಗ ಇನ್ನೊಬ್ಬರದು ಕಾಯುತ್ತದೆ. ಯಾರೋ ಕೇಳಿದರು, ಮೆಲ್ಲಗೆ ಒತ್ತಿದರೆ ಸರಿ, ನಿಜವಾದ ವಾರ್ಡಿನಲ್ಲಿ ಎಲ್ಲರೂ ಒಟ್ಟಿಗೆ ಒತ್ತಿದರೆ ಎಂದು. ಅದಕ್ಕೂ ಬೇರೆ ಪರೀಕ್ಷೆ ಬರೆದಿದ್ದೆ. ಆದರೆ ಅಷ್ಟರಲ್ಲಿ ಯಜಮಾನಿಯ ತಾಳ್ಮೆ ಮುಗಿದಿತ್ತು, ಕೀಲಿಮಣೆಗೆ ಎರಡೂ ಕೈ ಚಾಚಿ ಕಿರುಚುತ್ತಿದ್ದಳು. ಪ್ರತಿ ಕೀಲಿಗೂ ಒಂದೊಂದು ಹಾಸಿಗೆ ಜೋಡಿಸಿ, ಆರಿಸುವ ಕೆಲಸವನ್ನು ಪ್ರೋಗ್ರಾಮಿಗೇ ಬಿಟ್ಟು, "ತಗೋ, ಒತ್ತು" ಎಂದು ಬಿಟ್ಟುಬಿಟ್ಟೆ. ಅಂಗೈಯಲ್ಲಿ ಬಡಿದಳು, ಮುಷ್ಟಿಯಲ್ಲಿ ಗುದ್ದಿದಳು, ಒಂದು ಸಲ ಹಣೆಯನ್ನೂ ಒತ್ತಿದಳು. ಪರದೆಯ ತುಂಬ ದೀಪ ಹೊತ್ತುತ್ತಿದ್ದವು, ಆರುತ್ತಿದ್ದವು. ಒತ್ತಿದ ಗಂಟೆಗಳಿಗೂ ನೋಡಿದ ಗಂಟೆಗಳಿಗೂ ಕೊನೆಗೆ ತಾಳೆ ನೋಡಿದರೆ ಒಂದೂ ಕಳೆದಿರಲಿಲ್ಲ. ಹೆಡ್ ನರ್ಸ್, "ಈ ಪೇಷಂಟ್ ನಮ್ಮ ವಾರ್ಡಿಗೆ ಬೇಡಮ್ಮ, ನಾವು ಬದುಕಲ್ಲ" ಎಂದರು. ಮ್ಯಾನೇಜರ್ ಎಲ್ಲರ ಎದುರಿಗೇ, ಸೋಮವಾರದಿಂದ ಕರೆಗಂಟೆಯ ತಂಡಕ್ಕೆ ನಾನೇ ಮುಖ್ಯಸ್ಥೆ ಎಂದರು. ಹಗುರವಾದ ಕೆಲಸದ ಮಾತು ಎತ್ತಲೇ ಇಲ್ಲ. ನಾನೇ ಎತ್ತಿದೆ. ರಜೆ ಮುಗಿಸಿ ಬರುವ ತಾಯಂದಿರನ್ನು ಇನ್ನು ಮುಂದೆ ಕೇಳದೆ ಆ ಕೋಣೆಗೆ ಕಳಿಸಬಾರದು, ಸಂಜೆ ಮಗು ಕರೆತರುವ ಹೊತ್ತಿಗೆ ಸಭೆ ಇಡಬಾರದು ಎಂದೆ. ನಾನು ವಾಕ್ಯ ಮುಗಿಸುವ ಮುಂಚೆಯೇ "ಆಯ್ತು, ಆಯ್ತು" ಎಂದರು. ಇನ್ನೂ ಏನಾದರೂ ಕೇಳಬಹುದಿತ್ತೇನೋ ಎಂದು ಈಗ ಅನಿಸುತ್ತಿದೆ.

ನಿಮ್ಮ ಮಗ ಸಂಜೆ ಬಂದು ಎಲ್ಲ ಕೇಳಿ, "ಅಂದ್ರೆ ನಿನ್ನ ಪ್ರಮೋಷನ್ ನನ್ನಿಂದ ಆಯ್ತು" ಎಂದರು. ಆಗಿನಿಂದ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದಾರೆ, ಲಿಫ್ಟಿನ ಜನಕ್ಕೆಲ್ಲ ಹೇಳಿದ್ದಾರಂತೆ. ನೀವು ಫೋನಿನಲ್ಲಿ ಸ್ವಲ್ಪ ಇಳಿಸಿ. ನಿನ್ನೆ ನಾನು ಚೆನ್ನಾಗಿ ನಿದ್ದೆ ಮಾಡಿದೆ ಎಂದು ಬರೆಯಬೇಕಿತ್ತು, ಆದರೆ ಖುಷಿಗೆ ಬರಲಿಲ್ಲ. ಪರವಾಗಿಲ್ಲ, ಈ ಎಚ್ಚರ ಬೇರೆ ಥರದ್ದು. ಕಿಟಕಿಯಾಚೆ ಬೆಳಕು ಬರುವುದನ್ನು ನೋಡುತ್ತ ನಿಮ್ಮನ್ನೇ ನೆನೆದೆ. ಮೊದಲ ದಿನ ಆಫೀಸಿಗೆ ಹೊರಟು ಬಾಗಿಲಲ್ಲಿ ಅಳುತ್ತ ನಿಂತಿದ್ದಾಗ ಮಗುವನ್ನು ಕೈಯಿಂದ ಕಿತ್ತುಕೊಂಡು, "ಹೋಗು, ಇವಳೇನು ನಿನಗೊಬ್ಬಳಿಗೇ ಹುಟ್ಟಿದವಳಲ್ಲ" ಎಂದು ಬಾಗಿಲು ಹಾಕಿಕೊಂಡಿರಿ. ಅವತ್ತು ನೀವು ಬಾಗಿಲು ಹಾಕದಿದ್ದರೆ ನಾನು ಒಳಗೇ ಉಳಿದುಬಿಡುತ್ತಿದ್ದೆ.

ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ತಪ್ಪಿಸಬೇಡಿ. ನಾದಿನಿಗೂ ಅವಳ ಗಂಡನಿಗೂ ನನ್ನ ನೆನಪು ತಿಳಿಸಿ. ಹೊಟ್ಟೆಯೊಳಗಿನ ಇಬ್ಬರಿಗೂ ನನ್ನ ಆಶೀರ್ವಾದ. ಅವರ ಲೆಕ್ಕದಲ್ಲಿ ನಾನೂ ಅತ್ತೆಯಾಗುತ್ತಿದ್ದೇನಲ್ಲ, ಆ ಪಟ್ಟ ಹೇಗೆ ನಿಭಾಯಿಸಬೇಕೆಂದು ಕಲಿಯಲು ನನಗೆ ಹತ್ತಿರದಲ್ಲೇ ಒಬ್ಬರಿದ್ದಾರೆ. ಯಜಮಾನಿಯ ಕಡೆಯಿಂದ ನಿಮ್ಮ ಎರಡೂ ಕೆನ್ನೆಗೆ ಜೊಲ್ಲಿನ ಮುತ್ತು.

ನಿಮ್ಮ ಆಶೀರ್ವಾದ ಬೇಡುವ,
ಸೊಸೆ

ವಿ.ಸೂ.: ಯಜಮಾನಿ ಎದ್ದಳು, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ನೀವು ಬರಬೇಡಿ ಅತ್ತೆ. ನಾವೇ ಅಲ್ಲಿಗೆ ಬರುತ್ತಿದ್ದೇವೆ. ಆ ಆಸ್ಪತ್ರೆಯವರಿಗೆ ಬೇರೆ ಊರುಗಳಲ್ಲೂ ಆಸ್ಪತ್ರೆಗಳಿವೆ, ಎಲ್ಲ ಕಡೆಯೂ ನಮ್ಮ ಗಂಟೆ ಹಾಕಿಸುತ್ತಾರಂತೆ. ನಾದಿನಿ ಹೆರಿಗೆಗೆ ಹೆಸರು ಬರೆಸಿರುವುದೂ ಅವರದ್ದರಲ್ಲೇ. ಅಲ್ಲಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ನಾನು ಕೈ ಎತ್ತಿದೆ, ಮಗುವೂ ಜೊತೆಗೆ ಬರುತ್ತಾಳೆಂದೆ, ಒಪ್ಪಿದರು. ನಾದಿನಿಯ ದಿನ ತುಂಬುವ ಮೊದಲೇ ಬಂದುಬಿಡುತ್ತೇನೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ಅದನ್ನು ನೀವು ನೋಡಿಕೊಳ್ಳಿ. ನಾದಿನಿಗೆ ಮಾತ್ರ ಇವತ್ತೇ ಹೇಳಿ: ಹೆರಿಗೆಯ ಕೋಣೆಯಲ್ಲಿ ಅವಳ ತಲೆದೆಸೆಯ ಗಂಟೆಯನ್ನು ನಾನೇ ಒತ್ತಿ ನೋಡಿರುತ್ತೇನೆ, ಹೆದರದೆ ಒತ್ತಲಿ, ಯಾರಾದರೂ ಬಂದೇ ಬರುತ್ತಾರೆ.